ಗಂಜಿ ಸ್ಕ್ಯಾನಿಂಗ್

"ಒಡೀದೆ, ಕುಯ್ಯದೆ ಒಳಗೇನದೆ ಅಂತ ಹೇಳೋ ವಿದ್ಯೆ ಕಲ್ತು ಬತ್ತೀನಿ ದೊಡ್ಡವ್ವ. ನೀನು ಯಾವತ್ತು ಏನ್ ತಂದು ತೋರಿಸಿದ್ರೂ ಹೇಳ್ತೀನಿ, ನಿನ್ನಾಣೆ!"

ಹನ್ನೊಂದು ವರ್ಷದ ಹಿಂದೆ ಐಟಿಐಗೆ ಹೊರಟಾಗ ಪ್ರೇಮ್‌ಕುಮಾರ್ ಸೋಸಲೆ ಬಸ್‌ಸ್ಟಾಪಿನಲ್ಲಿ ಕೊಚ್ಚಿಕೊಂಡಿದ್ದ ಮಾತು. ಅವನು ಮರೆತಿದ್ದ. ದೊಡ್ಡವ್ವ ಪಾಪಮ್ಮ ಮರೆತಿರಲಿಲ್ಲ. ಈ ಬೆಳಿಗ್ಗೆ ಹಸುವನ್ನೇ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಸ್ಕ್ಯಾನಿಂಗ್ ಮಿಷನ್ ತಂದಿದ್ದೀಯಂತೆ. ಇವ್ಳು ಗಬ್ಬ ಆಗವ್ಳಾ ನೋಡು."

"ಅಯ್ಯೋ, ಅದು ಆ ಸ್ಕ್ಯಾನಿಂಗ್ ಅಲ್ಲ ದೊಡ್ಡವ್ವ! ಕಬ್ಬಿಣದೊಳಕ್ಕೆ ಕಿವಿಗೆ ಕೇಳ್ಸದ ಶಬ್ದ ಬಿಡ್ತೀವಿ. ಬಿರುಕಿದ್ರೆ ಅಲ್ಲಿ ತಾಗಿ, ಚೆದುರಿ ವಾಪಸ್ ಬತ್ತದೆ."

"ಕಬ್ಬಿಣಕ್ಕೊಂದು ನ್ಯಾಯ, ನನ್ನ ಹಸಕ್ಕೊಂದಾ? ಆಣೆ ಯಾರ ಮೇಲೆ ಇಟ್ಟಿದ್ದೆ, ಗ್ಯಾಪಕ ಅದಾ?"

ನಿನ್ನೆ ನರಸೀಪುರದಲ್ಲಿ ಟ್ಯಾಂಕಿನ ಬೆಸುಗೆ ಪರೀಕ್ಷಿಸುವಷ್ಟರಲ್ಲಿ ಹೊತ್ತಾಗಿ ಮಿಷನ್ನನ್ನು ಮನೆಗೇ ತಂದಿದ್ದ. ಹನ್ನೊಂದಕ್ಕೆ ತಾಂಡವಪುರದ ಕಾರ್ಖಾನೆಗೆ ಒಪ್ಪಿಸಬೇಕು. ಅದಕ್ಕೇನಾದರೂ ಆದರೆ ನೀನೂ ಬರಬೇಡ ಎಂದು ಸೂಪರ್‌ವೈಸರ್ ಶಂಭುಲಿಂಗಪ್ಪ ಹೇಳಿಯೇ ಕಳಿಸಿದ್ದರು. ಐದು ನಿಮಿಷದಲ್ಲಿ ಮುಗಿಸಿ ಎಂಟೂವರೆ ಬಸ್ಸಿಗೆ ಓಡೋಣವೆಂದು ಪೆಟ್ಟಿಗೆ ಬಿಚ್ಚಿದ.

ವೈರಿನ ತುದಿಯಲ್ಲಿ ಅಡಿಕೆ ಗಾತ್ರದ ಬಿಲ್ಲೆ, ಅದೇ ಪ್ರೋಬ್. ಅದರಡಿ ಗಾಳಿ ಸೇರಿದರೆ ಶಬ್ದ ಒಳಕ್ಕೆ ಇಳಿಯದು, ಏನಾದರೂ ಬಳಿಯಬೇಕು. ಗ್ರೀಸ್ ಡಬ್ಬಿ ತೆಗೆದ.

"ಬಾಯಿಲ್ಲದ ಪ್ರಾಣಿಗೆ ಗ್ರೀಸ್ ಬಳಿತೀಯೇನ್ಲಾ?" ಪಕ್ಕದ ಮನೆ ಹುಚ್ಚಯ್ಯ ಹಲ್ಲುಜ್ಜುತ್ತಲೇ ಬೇಲಿ ದಾಟಿ ಬಂದ. "ಲೊಳಲೊಳ ಅನ್ನೋದು ತಾನೆ ಬೇಕು? ಗಂಜಿ ಬಳಿ."

ಪಾಪಮ್ಮ ಚೊಂಬು ತುಂಬ ಗಂಜಿ ತಂದಳು. ಹೊಟ್ಟೆಗೆ ಬಳಿದು ಪ್ರೋಬ್ ಒತ್ತಿದರೆ, ಪರದೆಯ ಗೆರೆಗಳು ಕಾದ ಬಾಣಲೆಯ ಸಾಸಿವೆಯಂತೆ ಸಿಡಿದವು. ಇಂಥ ಬೆಸುಗೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಏನ್ ಕಾಣ್ತದೆ?"

"ಬರೀ ಗ್ರಾಸ್ ದೊಡ್ಡವ್ವ. ಅಲೆ ಚೆದುರಿದಾಗ ಬರೋ ಚಿಲ್ರೆ ಗೆರೆಗೆ ನಾವು ಗ್ರಾಸ್ ಅಂತೀವಿ. ಅಂದ್ರೆ ಹುಲ್ಲು."

"ಹಸದ ಹೊಟ್ಟೇಲಿ ಹುಲ್ಲಿರ್ದೆ ಇಡ್ಲಿ ಇದ್ದದಾ?" ಎಂದ ಹುಚ್ಚಯ್ಯ. "ಇದ ಹೇಳಕ್ಕೊಂದು ಮಿಷನ್ನು!"

ಕರುವೋ, ಹುಲ್ಲೋ, ಮಿಷನ್ನೇ ಕೆಟ್ಟಿತೋ? ಪ್ರೇಮ್‌ಕುಮಾರನಿಗೆ ತಲೆಬುಡ ತಿಳಿಯಲಿಲ್ಲ. ಗಂಜಿ ಮೆತ್ತಿದ ಪ್ರೋಬನ್ನು ಅಂಗೈಯಲ್ಲಿಟ್ಟುಕೊಂಡು ಪರದೆಯನ್ನೇ ದಿಟ್ಟಿಸಿದ. ಅಂಗೈಗೆ ಬೆಚ್ಚಗೆ, ಒರಟಾಗಿ ಏನೋ ತಾಗಿತು. ವೈರು ಒಮ್ಮೆ ಜಗ್ಗಿತು. ಗೆರೆಗಳೆಲ್ಲ ತೆಪ್ಪಗೆ ಮಲಗಿದವು.

ತಿರುಗಿ ನೋಡಿದರೆ ವೈರಿನ ತುದಿ ಬೋಳು. ಬಾಯಿಲ್ಲದ ಪ್ರಾಣಿ ಬಾಯಿ ಚಪ್ಪರಿಸುತ್ತಿತ್ತು.

ಅಷ್ಟರಲ್ಲಿ ಫೋನು. ಶಂಭುಲಿಂಗಪ್ಪ. "ಏನಪ್ಪಾ, ಹೊರಟೆಯಾ? ಪ್ರೋಬ್ ಭದ್ರವಾಗಿ ಒಳಗದೆ ತಾನೇ?"

"ಬಾಯ್ಬಿಡೋ!" ಪಾಪಮ್ಮ ಈ ಕಡೆ ತೋಳು ಹಿಡಿದು ಅಲ್ಲಾಡಿಸಿದಳು. "ಒಳಗೆ ಅದಾ, ಇಲ್ವಾ?"

"ಅದೆ," ಎಂದ ಪ್ರೇಮ್‌ಕುಮಾರ್, ಇಬ್ಬರಿಗೂ ಸೇರಿಸಿ. "ಒಳಗೇ ಅದೆ."

"ಗುಡ್," ಎಂದು ಶಂಭುಲಿಂಗಪ್ಪ ಫೋನಿಟ್ಟರು. "ಗಬ್ಬ ಅಂತೆ ಕಣ್ರವ್ವಾ!" ಎಂದು ಪಾಪಮ್ಮ ಬೀದಿಗೆಲ್ಲ ಬೆಲ್ಲ ಹಂಚಲು ಓಡಿದಳು.

ಎಂಟೂವರೆ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಒಳಗೇನಿದೆ ಎಂದು ಹೇಳುತ್ತೇನೆಂದು ಪ್ರೇಮ್‌ಕುಮಾರ್ ಕೊಟ್ಟಿದ್ದ ಮಾತು ನಡೆಯಿತು.