ಕೊಟ್ಟಿಗ್ಯಾಗ ವಸ್ತಿ ಇದ್ದ ನಾಯಿಗಳು

ನಾಯಿ ಇದ್ದಲ್ಲಿ ತಮಾಷೆಕ್ಕ ಬರ ಇಲ್ಲ. ಅದರಾಗ ಮಾಲಕ ಊರಿಗೆ ಹೋಗಿ ನಾಯಿ ನಿಮ್ಮಲ್ಲಿ ಉಳೀತಂದ್ರ ಮುಗೀತು, ದಿನಾ ಒಂದು ನಡಿಯೂದ.

ಮಹಾರಾಷ್ಟ್ರ ರಾಜ್ಯ ಆದ ಮರುವರ್ಷದ ಮಾತು. ನಾನು ಕೊಲ್ಹಾಪುರದಾಗ ದನದ ದವಾಖಾನ್ಯಾಗ ಗಾಯಕ್ಕ ಪಟ್ಟಿ ಕಟ್ಟೂ ಡ್ರೆಸ್ಸರ್ ಇದ್ದೆ. ಲಗ್ನಕ್ಕ, ಯಾತ್ರೆಕ್ಕ ಹೋಗಾವ್ರು "ನಾಯಿ ಯಾರಲ್ಲಿ ಬಿಡೂದ್ರಿ?" ಅಂತ ಕೇಳತಿದ್ರು. ಮನಿ ಹಿಂದಿನ ಖಾಲಿ ಕೊಟ್ಟಿಗಿಗೆ ಸುಣ್ಣಾ ಹೊಡದು ನಾನ ಇಟ್ಕೊಳ್ಳಾಕ ಸುರು ಮಾಡಿದೆ. ದಿನಾ ಜಡ್ಡಿನ ದನಾ ನೋಡಿ ಬ್ಯಾಸತ್ತಾಂವಗ, ಗಟ್ಟಿಮುಟ್ಟಾದ ನಾಯಿ ಬಾಲಾ ಅಳ್ಳಾಡಿಸೂದು ನೋಡಿದ್ರ ಹಬ್ಬ ಆದಂಗ ಆಗತಿತ್ತು.

ಆದ್ರ ಕೊಟ್ಟಿಗಿ ಅಪ್ಪನ ಕಾಲದ್ದು, ಅದರಾಗ ನಮ್ಮ ಅಣ್ಣಂದೂ ಪಾಲು ಇತ್ತು. ಅವಂಗ ಅಲ್ಲಿ ಬೆಲ್ಲದ ಪೆಂಟಿ ತುಂಬೂ ಆಸೆ. "ದೀಪಾವಳಿ ತನಕ ನೋಡತೇನಿ," ಅಂದ. "ಒಂದು ನಾಯಿ ಸೊರಗಿದ್ರೂ, ಒಬ್ಬ ಮಾಲಕ ತಕರಾರ ತಂದ್ರೂ ಕೀಲಿ ನನ್ನ ಕೈಗೆ ಕೊಡಬೇಕು." ನಾನು ಹೂಂ ಅಂದೆ. ಅಣ್ಣಗ ಇಲ್ಲ ಅಂದು ನನಗ ರೂಢಿ ಇಲ್ಲ.

ಮಗ್ಗದ ಮನಿ ನಾಯಿ

ಮೊದಲು ಬಂದದ್ದು ಇಚಲಕರಂಜಿ ಮಗ್ಗದ ಮಾಲಕರ ನಾಯಿ. ಉಣ್ಣೂದಕ್ಕ ಏನೂ ಕೊರತಿ ಇರಲಿಲ್ಲ, ಆದ್ರ ಕಣ್ಣು ಮುಚ್ಚವಲ್ದು. ಎರಡು ದಿನ ಒಂದ ಸವನ ಊಳಿಟ್ಟಿತು. ಹಿಂಗ ಆದ್ರ ಸೊರಗೂದ ಖರೆ, ಕೀಲಿ ಹೋದಂಗ ಅನ್ಕೊಂಡೆ.

ಮೂರನೇ ದಿನ ಮಧ್ಯಾಹ್ನ, ಗ್ವಾಡಿ ಆಚೆ ಇರೂ ಸಿಂಪಿಗ ಊರಿಂದ ಬಂದಾಂವ ಮಿಷನ್ ತುಳಿಯಾಕ ಕುಂತ. ಖಟಖಟ ಸುರು ಆದದ್ದ ತಡಾ, ನಾಯಿ ನಾಲ್ಕೂ ಕಾಲು ಚಾಚಿ ಗೊರಕಿ ಹೊಡೀತು! ಹುಟ್ಟಿದಾಗಿಂದ ಪಾವರಲೂಮಿನ ಗದ್ದಲದಾಗ ಮಲಗಿದ ಪ್ರಾಣಿ, ನಮ್ಮಲ್ಲಿನ ಶಾಂತಿಗೆ ಹೆದರಿತ್ತು.

ಸಿಂಪಿಗ ಮೊದಲ ಆಲಸಿ. ಎಲಿ ಅಡಿಕಿ ಹಾಕಾಕ ಎದ್ರ ಸಾಕು, ನಾಯಿ ಎಚ್ಚರಾಗಿ ಗ್ವಾಡಿ ಮ್ಯಾಲ ಮುಂಗಾಲಿಟ್ಟು ಅವಂಗ ಬೊಗಳೂದು. ಅಂವ ಪಾಪ ಮತ್ತ ಹೋಗಿ ಕುಂದ್ರತಿದ್ದ. ಎಂಟು ದಿನದಾಗ ದಸರಾದ ಕುಪ್ಪಸ ಎಲ್ಲಾ ಹೊಲದು ಮುಗದ್ವು.

ಮಾಲಕರು ನಾಯಿ ಕರಕೊಂಡು ಹೋಗೂ ಮುಂದ ಸಿಂಪಿಗನ ಹೆಂಡ್ತಿ ಓಡಿ ಬಂದ್ಲು. "ಮತ್ತ ಯಾವಾಗ ಬಿಡತೀರಿ ಇದನ್ನ?" ಅಂತ ಕೇಳಿದ್ಲು.

ಪೈಲವಾನನ ನಾಯಿ

ಪ್ಯಾಟ್ಯಾಗ ಒಬ್ಬ ಪೈಲವಾನ. ತಾಯಿ ಗಡಹಿಂಗ್ಲಜದಾಕಿ, ಹಿಂಗಾಗಿ ಕನ್ನಡ ಚಂದ ಮಾತಾಡಾಂವ. ಆಳು ಆನಿ ಆದ್ರೂ ಅವನ ನಾಯಿ ಮಾತ್ರ ಬಗಲಾಗ ಹಿಡಿಸೂವಷ್ಟು. ಮಗಳು ಬಾಣಂತನಕ್ಕ ಬಂದಾಳ, ತಿಂಗಳ ಮಟ್ಟಿಗೆ ಮನ್ಯಾಗ ನಾಯಿ ಬ್ಯಾಡ ಅಂದಾರಂತ ನಮ್ಮಲ್ಲಿ ತಂದು ಬಿಟ್ಟ.

ನಾಯಿ ಒಳಗ ಹೋಗಿ ಮೂಸಿ, ರೊಟ್ಟಿ ತಿಂದು ಮಲಗಿತು. ಪೈಲವಾನ ಬಾಗಲಾಗ ನಿಂತು ಕಣ್ಣೀರು ಹಾಕಿದ. ಮರುದಿನ ಬಂದು ಗ್ವಾಡಿ ಮ್ಯಾಲಿಂದ ಇಣಿಕಿದ, ಅದರ ಮರುದಿನಾನೂ ಇಣಿಕಿದ. ಇವನ ಮಾರಿ ಕಂಡಾಗೊಮ್ಮೆ ಸುಮ್ಮನಿದ್ದ ನಾಯಿ ಅಳೂದು.

ನನಗ ತಡಕೊಳ್ಳಾಕ ಆಗಲಿಲ್ಲ. "ಪೈಲವಾನ್ರ, ನಾಯಿಗೆ ಹೊಂದಿಕಿ ಆಗೇತಿ. ಇನ್ನ ನಿಮ್ಮನ್ನ ಯಾವ ಕೊಟ್ಟಿಗ್ಯಾಗ ಕಟ್ಟಲಿ?" ಅಂದೆ.

ದತ್ತವಾಡದ ಅಜ್ಜಿ ನಾಯಿ

ಅದ ವಾರದಾಗ ದತ್ತವಾಡದ ಜೈನರ ಅಜ್ಜಿ ಶಿಖರಜಿ ಯಾತ್ರೆಕ್ಕ ಹೊಂಟಾಕಿ ತನ್ನ ಕರೀ ನಾಯಿ ತಂದು ಬಿಟ್ಲು. "ನನ್ನ ಮಗಳಿದ್ದಂಗ ತಮ್ಮಾ," ಅಂದು ಗಾಡಿ ಹತ್ತಿದ್ಲು.

ಬೆಳದ ನಾಯಿಗೆ ದಿನಕ್ಕ ಒಂದ ಹೊತ್ತು ಊಟ ಸಾಕಂತ ನಮ್ಮ ಡಾಕ್ಟರ ಕಟ್ಟಳೆ. ನಾನು ದವಾಖಾನಿ ಮುಗಿಸಿ ಬಂದು, ಕಂದೀಲು ಹಚಗೊಂಡು ಎಲ್ಲಾ ನಾಯಿಗೂ ತಾಟು ಇಡತಿದ್ದೆ. ಅಜ್ಜಿ ನಾಯಿ ಕಂದೀಲ ನೋಡೂದು, ನನ್ನ ನೋಡೂದು, ತಾಟಿಗೆ ಬೆನ್ನು ಮಾಡಿ ಕುಂದ್ರೂದು. ಹಾಲು ಇಟ್ಟೆ, ತುಪ್ಪಾ ಸವರಿದೆ. ಊಂಹೂಂ! ಮೂರು ದಿನಕ್ಕ ಪಕ್ಕಿ ಎಲುಬು ಕಾಣಾಕತ್ತಿದ್ವು. ಅಣ್ಣ ಬಂದು ನೋಡಿ "ಬೆಲ್ಲ ಯಾವಾಗ ತರಲಿ?" ಅಂದ.

ನಾಲ್ಕನೇ ದಿನ ರಜಾ ಇತ್ತು. ಸಂಜಿ ನಾಲ್ಕಕ್ಕೇ ತಾಟು ಇಟ್ಟೆ. ನಾಯಿ ಬಂದದ್ದ ಎರಡು ರೊಟ್ಟಿ ಖಲಾಸ್ ಮಾಡಿತು! ನೋಡೂಣು ಅಂತ ಮೂರನೇ ರೊಟ್ಟಿ ತಿನ್ನೂ ಮುಂದ ಕಂದೀಲು ಹಚ್ಚಿ ತಂದೆ. ಬಾಯಾಗಿಂದು ನುಂಗಿ ಹಿಂದ ಸರದು ಕುಂತಿತು. ನಾ ಹಣಿ ಬಡಕೊಂಡೆ. ಜೈನರ ಮನ್ಯಾಗ ಹೊತ್ತು ಮುಳುಗೂದ್ರಾಗ ಊಟ ಮುಗೀಬೇಕು ಅನ್ನೂದು ಊರಿಗೆಲ್ಲಾ ಗೊತ್ತು. ನಾಯೀನೂ ಆ ಮನೀದ ಅಂತ ನನಗ ಹೊಳದಿರಲಿಲ್ಲ.

ಆವತ್ತಿಂದ ನನ್ನ ಹೆಂಡ್ತಿ ಐದಕ್ಕ ಎಲ್ಲಾ ನಾಯಿಗೂ ತಾಟು ಹಚ್ಚಾಕತ್ತಿದ್ಲು. ಕಂದೀಲು ಬಂದ ಮ್ಯಾಲ ಬ್ಯಾರೆ ನಾಯಿ ತಾಟಿಗೆ ಬಾಯಿ ಹಾಕಿದ್ರ ಅಜ್ಜಿ ನಾಯಿ ಗುರ್ರ್ ಅಂತಿತ್ತು. ಹತ್ತು ದಿನದಾಗ ಇಡೀ ಕೊಟ್ಟಿಗಿ ಶಿಸ್ತಿಗೆ ಬಂತು.

ಅಜ್ಜಿ ಯಾತ್ರೆ ಮುಗಿಸಿ ಬಂದು ಗುಂಡಗುಂಡಗಿದ್ದ ನಾಯಿ ನೋಡಿ ಭಾಳ ಖುಷಿ ಆದ್ಲು. "ಹೇಳೂದ ಮರತೆ ತಮ್ಮಾ, ದೀಪ ಹಚ್ಚಿದ ಮ್ಯಾಲ ಇದು ಉಣ್ಣಾಂಗಿಲ್ಲ," ಅಂದ್ಲು.

"ಹೌದ್ರಿ ಅಜ್ಜಿ," ಅಂದೆ, "ನಾಯೀನ ಹೇಳಿತು."

ಕೀಲಿ

ದೀಪಾವಳಿಗೆ ಎರಡು ದಿನ ಇತ್ತು. ಅಣ್ಣ ಬಂದು ಕೊಟ್ಟಿಗಿ ಅಳತಿ ಹಿಡಿಯಾಕತ್ತಿದ್ದ. ಆಗ, ವಾರದ ಹಿಂದ ನಾಯಿ ಕರಕೊಂಡು ಹೋಗಿದ್ದ ಪೈಲವಾನ, ಬಗಲಾಗ ನಾಯಿ, ಹೆಗಲ ಮ್ಯಾಲ ಒಂದು ಗಂಟು ಹೊತಗೊಂಡು ಚೀರಕೋತ ಬಂದ.

"ಕಾಯ್ ಕೇಲಂ ಹೇ? ಏನು ಮಾಡೀರಿ ನನ್ನ ನಾಯಿಗೆ? ದೀಪ ಹಚ್ಚಿದ್ರ ತಾಟಿಗೆ ಬೆನ್ನು ಮಾಡತೈತಿ. ಮಟನ್ ಇಟ್ರೂ ನೋಡವಲ್ದು. ನಾ ಉಣ್ಣಾಕ ಕುಂತ್ರ ನನಗ ಗುರ್ರ್ ಅಂತೈತಿ!"

ಅಣ್ಣ ನಕ್ಕ. "ತಕರಾರ ಬಂತಲ್ಲೋ ತಮ್ಮಾ," ಅಂದು ಕೈ ಚಾಚಿದ. ಕೊಟ್ಟ ಮಾತು. ಕೀಲಿ ತಗದು ಅವನ ಕೈಯಾಗಿಟ್ಟೆ.

"ಯಾರ್ದು ತಕರಾರ?" ಅಂದ ಪೈಲವಾನ. "ನಾಯಿ ಉಪಾಸ ಇದ್ರ ನನಗ ತುತ್ತು ಇಳಿಯಾಂಗಿಲ್ಲ. ಬಾಣಂತಿ ಮನಿ, ಏಳಕ್ಕಿಂತ ಮೊದಲ ಒಲಿ ಖಾಲಿ ಆಗಾಂಗಿಲ್ಲ. ವಾರ ಆತು, ಇಬ್ಬರೂ ಅರ್ಧಾ ಹೊಟ್ಟಿಲೆ ಅದೇವಿ. ನಿಮ್ಮಲ್ಲಿ ಐದಕ್ಕ ತಾಟು ಇಡತೀರಿ. ಡ್ರೆಸ್ಸರ್ ಸಾಹೇಬ್ರ, ನನ್ನ ಯಾವ ಕೊಟ್ಟಿಗ್ಯಾಗ ಕಟ್ಟಲಿ ಅಂತ ಆವತ್ತ ಕೇಳಿದ್ರೆಲ್ಲಾ?"

ಅಂದಾಂವ ಗಂಟು ಬಿಚ್ಚಿ, ಅಣ್ಣ ಅಳತಿ ಹಿಡದ ಜಾಗಾದಾಗ ಸರಿಯಾಗಿ ಹಾಸಿಗಿ ಹಾಸಿದ. ನಾಯಿ ಕಾಲಿನ ಕಡೆ ಹೋಗಿ ಮಲಗಿತು.

ನನ್ನ ಹೆಂಡ್ತಿ ಅಡಗಿಮನಿ ಬಾಗಲಾಗಿಂದ ಕೇಳಿದ್ಲು: "ನಾಯಿಗೆ ಎರಡು ರೊಟ್ಟಿರಿ. ಇವರಿಗೆ ಎಷ್ಟು ಬಡೀಲಿ?"

ಅಣ್ಣ ಪೈಲವಾನನ ತೋಳು ನೋಡಿದ, ಕುತ್ತಿಗಿ ನೋಡಿದ. ಆಮ್ಯಾಲ ಮೆಲ್ಲಕ ಕೀಲಿ ನನ್ನ ಕೈಯಾಗ ಇಟ್ಟ.

"ಕೊಟ್ಟಿಗಿ ನೀನ ಇಟ್ಕೋ ತಮ್ಮಾ," ಅಂದ. "ನಾಯಿ ಇದ್ರ ಬಿಡಿಸಬಹುದಿತ್ತು."