ಮೇಷ್ಟ್ರ ಕಾರಿನ ಉಸಿರು

ಡ್ರಾಯಿಂಗ್ ಮೇಷ್ಟ್ರ ಕಾರಿಗೆ ಉಸಿರಾಟದ ತೊಂದರೆ ಶುರುವಾಗಿ ತಿಂಗಳಾಗಿತ್ತು. ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಎಂದು ಅಳೆಯುವ ಮೀಟರ್ ಕೈಕೊಟ್ಟಿತ್ತು. ಅಷ್ಟು ಹಳೆಯ ಮೀಟರ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹೆಂಡತಿಗೆ ಸಾಕುಸಾಕಾಗಿತ್ತು.

“ಇವತ್ತು ಸಾಯಂಕಾಲ ಗುಜರಿಯವನು ಬರ್ತಾನೆ. ಅಷ್ಟರಲ್ಲಿ ಓಡಿದ್ರೆ ಅವನಿಗೆ ಕೊಡಲ್ಲ. ಇಲ್ಲಾಂದ್ರೆ ಎತ್ಕೊಂಡು ಹೋಗ್ಲಿ,” ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಅದು ಮೇಷ್ಟ್ರ ಅಪ್ಪನ ಕಾರು. ಅಪ್ಪ ಪಕ್ಕದಲ್ಲಿ ಕೂತು, ಬಾಯಿಗೆ ಬಂದಂತೆ ಬೈಯುತ್ತ ಗೇರು ಹಾಕಲು ಕಲಿಸಿದ್ದು ಅದರಲ್ಲೇ. ಅಪ್ಪ ಹೋದಮೇಲೆ ಆ ಬೈಗುಳ ಕೇಳಬೇಕು ಅನ್ನಿಸಿದಾಗಲೆಲ್ಲ ಮೇಷ್ಟ್ರು ಸುಮ್ಮನೆ ಹೋಗಿ ಅದರೊಳಗೆ ಕೂರುತ್ತಿದ್ದರು. ಅಂಥದ್ದನ್ನು ಒಡೆಯಲು ಕೊಡುವುದು ಹೇಗೆ?

ಅಷ್ಟರಲ್ಲಿ ಹೆಂಡತಿಯ ತಮ್ಮ ಲ್ಯಾಪ್‌ಟಾಪ್ ಹಿಡಿದು ಬಂದ.

“ಭಾವ, ಆ ಮೀಟರ್ ಆಸೆ ಬಿಟ್ಬಿಡಿ. ಅದರ ಬದಲು ಪ್ರೆಶರ್ ಸೆನ್ಸರ್ ಹಾಕೋಣ. ಒಳಗಿನ ಒತ್ತಡ ನೋಡಿ ಎಷ್ಟು ಗಾಳಿ ಹೋಯ್ತು ಅಂತ ಎಂಜಿನ್ ಕಂಪ್ಯೂಟರೇ ಲೆಕ್ಕ ಹಾಕ್ಕೊಳ್ಳುತ್ತೆ. ಸೆಟ್ಟಿಂಗ್ ನಾನು ಬದಲಾಯಿಸ್ತೀನಿ.”

ಬಾಮೈದನ ಮಮತೆ ಕಂಡು ಮೇಷ್ಟ್ರ ಕಣ್ಣು ತುಂಬಿತು.

ಸೆನ್ಸರ್ ಕೂತಿತು. ಅದರಿಂದ ಎಂಜಿನ್ನಿಗೆ ಒಂದು ಪೈಪು ಬೇಕಾಯಿತು. ಕಾಂಪೌಂಡ್ ಗೋಡೆಯ ಮೇಲಿಂದ ಇಣುಕುತ್ತಿದ್ದ ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಒಳಗೋಡಿ ಸಲೈನ್ ಪೈಪು ತಂದರು.

“ಎಂಜಿನ್ನಿಗೂ ಬಿಪಿ ನೋಡ್ತಿದ್ದೀರಾ ಮೇಷ್ಟ್ರೇ? ತಗೊಳ್ಳಿ, ಇಂಥಾ ಪೈಪು ಎಷ್ಟು ಜನರ ಜೀವ ಉಳಿಸಿದೆ ಗೊತ್ತಾ!”

ಕಾರು ಸ್ಟಾರ್ಟ್ ಆಯಿತು. ನರ್ಸಮ್ಮ ಚಪ್ಪಾಳೆ ತಟ್ಟಿದರು. ಆದರೆ ಎಂಜಿನ್ ಕಾಯುತ್ತಿದ್ದಂತೆ ಪೈಪು ಮೆತ್ತಗಾಗಿ, ಒಳಗಿನ ಸೆಳೆತಕ್ಕೆ ಚಪ್ಪಟೆಯಾಯಿತು. ಸೆನ್ಸರ್ ದಿಕ್ಕೆಟ್ಟಿತು, ಪೆಟ್ರೋಲು ಯದ್ವಾತದ್ವಾ ನುಗ್ಗಿತು. ಕಾರು ಚಳಿಜ್ವರ ಬಂದವರಂತೆ ನಡುಗಿ, ನರ್ಸಮ್ಮ ಕಾಂಪೌಂಡ್ ಗೋಡೆಯ ಮೇಲೆ ಒಣಹಾಕಿದ್ದ ಬಿಳಿ ಬೆಡ್‌ಶೀಟುಗಳಿಗೆ ಕರಿಹೊಗೆ ಉಗುಳಿ ನಿಂತುಬಿಟ್ಟಿತು.

“ಅಯ್ಯಯ್ಯೋ! ಉಪಕಾರ ಮಾಡೋಕೆ ಬಂದಿದ್ದಕ್ಕೆ ನಂಗೆ ಇದೇ ಆಗ್ಬೇಕು!”

ಬೆಡ್‌ಶೀಟುಗಳನ್ನೆಲ್ಲ ತಾವೇ ಒಗೆದುಕೊಡುವುದಾಗಿ ಒಪ್ಪಿಕೊಂಡು, ಮೇಷ್ಟ್ರು ಸುಡುಬಿಸಿಲಲ್ಲಿ ಅಂಗಡಿಗೆ ಓಡಿದರು. ದಪ್ಪ ರಬ್ಬರ್ ಪೈಪು ತಂದು, ಬೆರಳು ಸುಟ್ಟುಕೊಂಡು ಜೋಡಿಸಿದರು. ಬಾಮೈದ ಸೆಟ್ಟಿಂಗನ್ನು ಮತ್ತೆ ತಿದ್ದಿದ. ಕೀ ತಿರುಗಿಸಿದರೆ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು ಕಾರು.

ಸಾಯಂಕಾಲ ಬಂದ ಗುಜರಿಯವನು ಬಾನೆಟ್ಟಿಗೆ ಕಿವಿಗೊಟ್ಟು ಕೇಳಿದ.

“ಇಂಥಾ ಗಾಡಿ ಒಡೆಯೋಕೆ ನಂಗೆ ಮನಸ್ಸು ಬರಲ್ಲ ಸ್ವಾಮಿ,” ಎಂದು ಬರಿಗೈಲಿ ಹೊರಟ.

ಮೇಷ್ಟ್ರು ನಾಚಿಕೆ ಬಿಟ್ಟು ಅತ್ತರು. ಹೆಂಡತಿಯೂ ಕಣ್ಣೊರೆಸಿಕೊಂಡು ಬಂದರು.

“ರೀ, ನೀವೇ ಗೆದ್ರಿ. ನಾನೂ ಮಾತಿಗೆ ತಪ್ಪಲ್ಲ, ಗುಜರಿಗೆ ಕೊಡಲ್ಲ. ನಮ್ಮ ತಮ್ಮ ದಿನಾ ಬಸ್ಸಲ್ಲಿ ನೇತಾಡ್ಕೊಂಡು ಆಫೀಸಿಗೆ ಹೋಗ್ತಾನೆ, ಪಾಪ. ಕೆಟ್ಟ ಕಾರನ್ನ ಹೇಗೆ ಕೊಡೋದು ಅಂತ ಇಷ್ಟು ದಿನ ಸುಮ್ನಿದ್ದೆ. ಇನ್ಮೇಲೆ ಅವನೇ ಇಟ್ಕೊಳ್ಳಲಿ. ಮನೆ ವಸ್ತು ಮನೆಯವರ ಹತ್ರಾನೇ ಇರುತ್ತಲ್ಲ.”

ಬಾಮೈದ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಳ್ಳುತ್ತಿದ್ದ.

“ದಾರೀಲಿ ಏನಾದ್ರೂ ನಿಂತ್ರೆ ನಿಮಗೇ ಫೋನ್ ಮಾಡ್ತೀನಿ ಭಾವ!”

ಮೇಷ್ಟ್ರು, ಬೆಳಿಗ್ಗೆಯಿಂದ ಸ್ಟಾರ್ಟ್ ಆಗು ಎಂದು ಬೇಡಿಕೊಂಡ ಕಾರಿಗೆ, ಒಂದೇ ಒಂದು ಸಲ ಕೆಟ್ಟು ನಿಲ್ಲು ತಾಯಿ ಎಂದು ಮನಸ್ಸಿನಲ್ಲೇ ಗೋಗರೆದರು.

ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.