ಬೆನ್ನಿಗೆ ಮಣ್ಣು ಹತ್ತದ ಮನೆತನ

ಸತ್ತವರ ಪರವಾಗಿ ಜಗಳಾಡುವುದರಲ್ಲಿರುವ ಸುಖ ಬದುಕಿದ್ದವರ ಪರವಾಗಿ ಆಡುವುದರಲ್ಲಿಲ್ಲ. ಬದುಕಿದ್ದವರು ನಡುವೆ ಬಾಯಿ ಹಾಕಿ, ಇರಲಿ ಬಿಡಪ್ಪಾ, ಅವತ್ತು ನಾನೇ ಸೋತಿದ್ದೆ ಎಂದು ನಮ್ಮ ಮಾನ ಕಳೆಯುತ್ತಾರೆ. ಸತ್ತವರು ಹಾಗಲ್ಲ, ಕೊನೆಯವರೆಗೂ ನಮ್ಮ ಕಡೆಗೇ ಇರುತ್ತಾರೆ. ಈ ಸುಖಕ್ಕೆ ಬಿದ್ದೇ ನಾನೀಗ ನವಲಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೇನೆ.

ತಂಟೆ ಶುರುವಾದದ್ದು ನನ್ನ ಹೆಂಡತಿಯ ತಮ್ಮ ಬಸೂನ ಮೊಬೈಲಿನಿಂದ. ಭಾನುವಾರ ಬಂದವನು ಬಾಕ್ಸಿಂಗಿನ ವಿಡಿಯೋ ಒಂದನ್ನು ತೋರಿಸಿದ. ಹಿಂದಿನ ಕಾಲದ ಒಬ್ಬ ಚಾಂಪಿಯನ್, ಈಗಿನವನೊಬ್ಬ. ವಯಸ್ಸಿನಲ್ಲಿ ಅಜ್ಜ ಮೊಮ್ಮಗನ ಅಂತರ. ಕಂಪ್ಯೂಟರು ಇಬ್ಬರನ್ನೂ ಹರೆಯದವರನ್ನಾಗಿ ಮಾಡಿ ಗುದ್ದಾಟಕ್ಕೆ ಬಿಟ್ಟಿತ್ತು. ಹಿಂದಿನವನು ಸೋತ. ಅವನೇನೂ ನನ್ನ ಬಳಗದವನಲ್ಲ, ಆದರೂ ಅಗದಿ ಸಿಟ್ಟು ಬಂತು. ಸತ್ತವನನ್ನು ಎಬ್ಬಿಸಿ ತಂದು ಹೊಡೆಸುವುದು ಯಾವ ನ್ಯಾಯ ಎಂದು ಕೇಳಿದೆ. ಬಸೂ ನಕ್ಕು, ಹಾಗಾದರೆ ನಮ್ಮ ಎರಡೂ ಮನೆಯ ಅಜ್ಜಂದಿರನ್ನೇ ಹೀಗೆ ಕುಸ್ತಿಗೆ ಬಿಟ್ಟು ನೋಡೋಣ ಎಂದ.

ನಮ್ಮಜ್ಜ ಕುಬಿಹಾಳದ ಪೈಲ್ವಾನ. ಹೆಂಡತಿಯ ಅಜ್ಜ ಬಮ್ಮಿಗಟ್ಟಿಯ ಪೈಲ್ವಾನ. ಅವರು ಲಂಗೋಟಿ ಕಟ್ಟುವ ಹೊತ್ತಿಗೆ ನಮ್ಮಜ್ಜ ಕುಸ್ತಿ ಬಿಟ್ಟಿದ್ದ, ಹೀಗಾಗಿ ಇಬ್ಬರೂ ಎದುರಾಗಲೇ ಇಲ್ಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ತಮ್ಮ ಅಜ್ಜನ ಬೆನ್ನಿಗೆ ಎಂದೂ ಮಣ್ಣು ಹತ್ತಿಲ್ಲವೆಂದು ಎರಡೂ ಮನೆಯವರು ಹೇಳುತ್ತಾರೆ. ಬೀಗತನವಾಗಿ ಇಷ್ಟು ಕಾಲವಾದರೂ ಇದೊಂದು ಇತ್ಯರ್ಥವಾಗಿಲ್ಲ.

“ನಮ್ಮ ಅಜ್ಜನ ಮುಂದ ನಿಮ್ಮ ಅಜ್ಜಾರು ಚಾ ಕುದಿಯೂ ತನಕಾನೂ ನಿಲ್ಲತಿದ್ದಿಲ್ರಿ, ಮಾಮಾ” ಎಂದ ಬಸೂ.

ಒಳಗೆ ಚಹಾ ಕುದಿಸುತ್ತಿದ್ದ ಹೆಂಡತಿ ಗಿರಿಜಾ ಹೌದೆಂಬಂತೆ ಕೆಮ್ಮಿದಳು. ಅಜ್ಜನ ಮಾನ ಹೋಗುವಾಗ ಸುಮ್ಮನೆ ಕೂಡಲಾದೀತೇ? ಅಜ್ಜನ ಪಟ್ಟು ತೋರಿಸುತ್ತೇನೆ ಬಾ ಎಂದು ಬಸೂನ ಸೊಂಟಕ್ಕೆ ಕೈಹಾಕಿ ಎತ್ತಿದೆ. ಅವನ ಹಿಮ್ಮಡಿ ಎದ್ದದ್ದು ನಿಜ. ಅಷ್ಟರಲ್ಲಿ ನನ್ನ ಸೊಂಟ ಕಟಕ್ಕೆಂದಿತು. ಬಗ್ಗಿದವನು ಬಗ್ಗಿದಂತೆಯೇ ಮೊಣಕಾಲೂರಿದೆ. ಬೆನ್ನು ಮಾತ್ರ ತಾಗಿಸಲಿಲ್ಲ, ಇದನ್ನು ತಾವು ಗಮನಿಸಬೇಕು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿದರೇ ನೋವು ಇಳಿಯುವುದು ಎಂದರು ಡಾಕ್ಟರು. ಗಿರಿಜಾ ಜಮಖಾನ ಹಾಸಿದಳು. ಅಕ್ಕ ತಮ್ಮ ಇಬ್ಬರೂ ಆ ಬಾಜು ಈ ಬಾಜು ನಿಂತು, ನಗು ತಡೆದುಕೊಂಡು ಕಾದರು. ಆಗ ನನಗೆ ಹೊಳೆಯಿತು. ಬಮ್ಮಿಗಟ್ಟಿಯವರ ಕಣ್ಣೆದುರಿಗೆ ಕುಬಿಹಾಳದ ಬೆನ್ನು ನೆಲಕ್ಕೆ ಹತ್ತುವುದೇ? ಸಾಯಲಿ ಸೊಂಟ ಎಂದು ಮಗ್ಗುಲಾಗಿ ಮಲಗಿದೆ.

“ಡಾಕ್ಟರ್ ಹೇಳಿದ್ದು ನಿಮ್ಮ ಸೊಂಟಕ್ಕರಿ, ಅಜ್ಜಗ ಅಲ್ಲ” ಎಂದಳು ಗಿರಿಜಾ. “ಅಲ್ರಿ, ನಿಮ್ಮ ಅಜ್ಜಾರು ಹೆಂಗ ಮಲಗತಿದ್ರು?”

ಅಜ್ಜ ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಅಂಗಾತ ಬಿದ್ದು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು. ಬೋರಲು ಮಲಗುತ್ತಿದ್ದ ಎಂದೆ.

ನರಳುತ್ತ ನರಳುತ್ತ ಯಾವಾಗ ಕಣ್ಣು ಹತ್ತಿತೋ, ಎಚ್ಚರಾದಾಗ ಎದುರಿಗೆ ಕಂಡದ್ದು ಮಾಳಿಗೆಯ ಜಂತಿ. ಸೊಂಟ ಹಗುರಾಗಿತ್ತು, ಅದೇ ದೊಡ್ಡ ಅವಮಾನ. ಗಿರಿಜಾ ಫೋಟೋ ತೆಗೆದು ಬಮ್ಮಿಗಟ್ಟಿಗೆ ಕಳಿಸಿಯೂ ಆಗಿತ್ತು. ತಕ್ಷಣ ಗೋಡೆಯ ಕಡೆ ಹೊರಳಿದೆ. ನೋವು ಮರಳಿ ಬಂತು. ಬರಲಿ. ನಿದ್ದೆಯಲ್ಲಿ ತಾಗಿದ ಬೆನ್ನು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಹಿಡಿದರೂ ಬಿದ್ದದ್ದು ಮೊಮ್ಮಗ, ಅಜ್ಜನಲ್ಲ. ಸೊಂಟ ನೆಟ್ಟಗಾಗಲಿ, ಬಸೂನನ್ನು ಎತ್ತಿಯೇ ತೋರಿಸುತ್ತೇನೆ. ಸದ್ಯಕ್ಕೆ ಯಾರಾದರೂ ನನ್ನನ್ನು ಎತ್ತಿ ಕೂಡಿಸಿದರೆ ಸಾಕು, ಚಹಾ ಆರುತ್ತಿದೆ.